ಗಿಟಾರಿನಲ್ಲಿ ಎರಡು-ಐದು-ಒಂದಕ್ಕೆ ಬಾರ್ ಕಾರ್ಡ್ ಬಿಟ್ಟು ಬೇರೇನು ಹಿಡಿಯೋದು?

ಆರು_ತಂತಿ:
ಸಿ ಮೇಜರಿನ 2, 5, 1ನೇ ಸ್ವರದ ಕಾರ್ಡುಗಳಾದ ಡಿ ಮೈನರ್ 7, ಜಿ 7, ಸಿ ಮೇಜರ್ 7 ಮೂರನ್ನೂ ಬಾರ್ ಹಾಕಿ (ಒಂದೇ ಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ) ಮೀಟಿದ್ರೆ ಬೇಸ್, ಪಿಯಾನೋ ಜೊತೆ ಕಲಸುಮೇಲೋಗರ. ರೂಟಿನಿಂದ (ಕಾರ್ಡಿಗೆ ಹೆಸರು ಕೊಡೋ ಸ್ವರ) ಎಣಿಸಿ 9, 13ನೇ ಸ್ವರ ಸೇರಿಸಿದ್ರೆ ಇನ್ನೂ ಗಲೀಜು. ಜ್ಯಾಝ್ ಕಂಪಿಂಗ್‌ಗೆ (ಹಾಡಿಗೆ ಕಾರ್ಡ್ ಹಿಡಿದು ಸಾಥ್ ಕೊಡೋಕೆ) ಯಾವ ಸ್ವರ ಬಿಡಬೇಕು?

ಮಂದ್ರ_ಮೇಳ:
ಮೊದಲು ಐದನೇ ಸ್ವರ ಬಿಡಿ, ಅದರಿಂದ ಬಣ್ಣವೇನೂ ಬರಲ್ಲ. ಕಾರ್ಡಿನ ಗುರುತು ಇರೋದು 3 ಮತ್ತು 7ನೇ ಸ್ವರದಲ್ಲಿ. ಕೆಳಗಿನ ಅಂಕಿ ಅಂದ್ರೆ ಒತ್ತಬೇಕಾದ ಫ್ರೆಟ್ (ಗಿಟಾರಿನ ಕುತ್ತಿಗೆಯ ಮನೆ). ದಪ್ಪ ತಂತಿಯಿಂದ (6ನೇದು) ಸಣ್ಣದಕ್ಕೆ (1ನೇದು) ಓದಿ, ಗೀಟಿದ್ದಲ್ಲಿ ಮೀಟಬೇಡಿ:

ಡಿ ಮೈನರ್ 9: – 5 3 5 5 –
ಜಿ 13: 3 – 3 4 5 –
ಸಿ ಮೇಜರ್ 9: – 3 2 4 3 –

ಜಿ 13ರಲ್ಲಿ 6ನೇ ತಂತಿ ಒತ್ತಿದ ಬೆರಳೇ 5ನೇ ತಂತಿಗೆ ತಾಗಿ ಅದರ ಬಾಯಿ ಮುಚ್ಚಿಸಬೇಕು. ಇಲ್ಲಾಂದ್ರೆ ಖಾಲಿ ತಂತಿ ಗುಂಯ್ ಅನ್ನುತ್ತೆ.

ಬೇಸ್ ಇದ್ದಾಗ ಈ ಮೂರರಲ್ಲೂ ರೂಟ್ ತೆಗೀರಿ, 4, 3, 2ನೇ ತಂತಿ ಸಾಕು. ಡಿಯಿಂದ ಜಿಗೆ ಹೋಗೋಕೆ 3ನೇ ತಂತಿ 5ರಿಂದ 4ಕ್ಕೆ ಇಳಿದರೆ ಮುಗೀತು. ಜಿ ಮೆಷರಿನ (ನಾಲ್ಕು ಬೀಟಿನ ಆವರ್ತ) ಕೊನೆಯ ಎರಡು ಬೀಟಿಗೆ 2ನೇ ತಂತಿಯನ್ನೂ 5ರಿಂದ 4ಕ್ಕೆ ಇಳಿಸಿ, ಫ್ಲ್ಯಾಟ್ 13 (ಅರ್ಧ ಸ್ವರ ಇಳಿಸಿದ 13) ಬರುತ್ತೆ. ಸಿಗೆ ಬಂದಾಗ ಅದೇ ತಂತಿ 3ಕ್ಕೆ. ಇ, ಇ ಫ್ಲ್ಯಾಟ್, ಡಿ: ಮೇಲಿನ ತಂತಿ ತಾನೇ ಒಂದು ಸಾಲು ಹಾಡುತ್ತೆ.

ಆರು_ತಂತಿ:
ಒಬ್ಬನೇ ಕೂತು ನುಡಿಸಿದ್ರೆ ರೂಟ್ ಇಲ್ಲದೆ ಕಾರ್ಡೇ ಅಲ್ಲ ಅನ್ಸುತ್ತಲ್ಲ ಸರ್?

ಮಂದ್ರ_ಮೇಳ:
ಅನ್ಸುತ್ತೆ. ಶ್ರುತಿ ಹಿಡಿದು ಬೆಳೆದ ಕಿವಿಗಂತೂ ಜಾಸ್ತಿ. ತಂಬೂರಿ ಆ್ಯಪ್ ಹಾಕ್ಕೋಬೇಡಿ. ಅಲ್ಲಿ ಷಡ್ಜ ಅಲ್ಲಾಡಲ್ಲ, ಇಲ್ಲಿ ರೂಟ್ ಮೆಷರಿಗೊಂದು. ಡಿ, ಜಿ, ಸಿ ಮಂದ್ರ ಸ್ವರಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅದರ ಮೇಲೆ ನುಡಿಸಿ.

ಫ್ರೆಟ್‌ಪ್ರಿಯೆ:
1ನೇ ತಂತಿಯೂ ಬೇಕಂದ್ರೆ: – – 3 5 5 5, ಆಮೇಲೆ – – 3 4 4 6, ಆಮೇಲೆ – – 2 4 3 5. ನಡುವಿನದು ಜಿ 7ಕ್ಕೆ ಶಾರ್ಪ್ 9 (ಅರ್ಧ ಸ್ವರ ಏರಿಸಿದ 9), ಫ್ಲ್ಯಾಟ್ 13. ಮೇಲೆ 5, 6, 5 ಅಂತ ಅರ್ಧ ಸ್ವರ ಏರಿ ಇಳಿಯೋದ್ರಿಂದ ಅಷ್ಟು ಖಾರವಾದ ಕಾರ್ಡೂ ಕಿವಿಗೆ ಒಪ್ಪುತ್ತೆ. ಮೂರನೇದರಲ್ಲಿ ತೋರುಬೆರಳು 2ರಲ್ಲಿ, ಕಿರುಬೆರಳು 5ರಲ್ಲಿ. ಮಣಿಕಟ್ಟು ಸ್ವಲ್ಪ ಮುಂದೆ ತನ್ನಿ.

ಒಂದು ಎಚ್ಚರಿಕೆ. ಗಾಯಕರು ಜಿ ಮೇಲೆ ಇ ಹಿಡಿದಿರುವಾಗ ನೀವು ಇ ಫ್ಲ್ಯಾಟ್ ಹಾಕಿದ್ರೆ ತಪ್ಪು ನುಡಿಸಿದ ಹಾಗೇ ಕೇಳುತ್ತೆ. ಹಾಡು ಸಿ ಸ್ವರದಲ್ಲಿ ನಿಂತಾಗ ಮೇಜರ್ 7ರ ಬಿ ಕೂಡ ಹಾಗೇ ಕಚ್ಚುತ್ತೆ. ಆಗ – – 2 2 3 – ಹಿಡೀರಿ, ಬಿ ಹೋಗಿ ಎ ಬರುತ್ತೆ, ಅಂದ್ರೆ 6, 9ನೇ ಸ್ವರ ಸೇರಿದ 6/9 ಕಾರ್ಡ್.

ಲಯಕ್ಕೆ ಚಾರ್ಲ್‌ಸ್ಟನ್ ಅನ್ನೋ ನಡೆ: ಮೊದಲ ಬೀಟ್, ಎರಡನೇ ಬೀಟಿನ ಅರ್ಧ, ಆಮೇಲೆ ಸುಮ್ಮನೆ. ಮೆಟ್ರೊನೋಮ್ 60ಕ್ಕಿಟ್ಟು ಆ ಟಿಕ್ ಅನ್ನು 2, 4ನೇ ಬೀಟ್ ಅಂತ ಎಣಿಸಿ, ವೇಗ 120 ಆಗುತ್ತೆ. ಪಿಕ್ ಬದಲು ಬೆರಳಲ್ಲಿ ಕಿತ್ತರೆ ಸ್ವರಗಳೆಲ್ಲ ಒಟ್ಟಿಗೆ ಬೀಳ್ತವೆ.

ಪಿಯಾನೋದವರೂ ಕಾರ್ಡ್ ತುಂಬ್ತಿದ್ರೆ ಬಣ್ಣ ಅವರಿಗೇ ಬಿಡಿ. 1937ರಲ್ಲಿ ಕೌಂಟ್ ಬೇಸಿಯ ಜ್ಯಾಝ್ ತಂಡ ಸೇರಿದ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ ಮೆಷರಿಗೆ ನಾಲ್ಕು ಮೀಟು ಅಂತ ಹಿಡಿದು, ಎಷ್ಟೋ ಸಲ ಒಂದೆರಡು ಸ್ವರ ಮಾತ್ರ ಕೇಳಿಸ್ತಿದ್ರು.