ಅಂಕಿತ ಹಾಕದೆ ಇಟ್ಟುಕೊಂಡರೆ ಏನಾಗುತ್ತದೆ? 74ನೇ ವಿಧಿಗೂ 111ನೇ ವಿಧಿಗೂ ತಾಳೆಯಾಗುವುದು ಹೇಗೆ?

ಮೊಗಸಾಲೆ (ಪ್ರಶ್ನೆ):

ಸಂವಿಧಾನದ 74(1)ನೇ ವಿಧಿಯ ಪ್ರಕಾರ ರಾಷ್ಟ್ರಪತಿಯವರು ಮಂತ್ರಿ ಪರಿಷತ್ತಿನ ಸಲಹೆಯಂತೆ ನಡೆಯತಕ್ಕದ್ದು. ಆದರೆ 111ನೇ ವಿಧಿ ತೆರೆದರೆ ಸಂಸತ್ತು ಅಂಗೀಕರಿಸಿದ ಮಸೂದೆಗೆ ಅಂಕಿತ ಹಾಕಬಹುದು, ಅಂಕಿತ ತಡೆಹಿಡಿಯಬಹುದು, ಇಲ್ಲವೇ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು ಎಂದಿದೆ. ಬಹುಪಾಲು ಮಸೂದೆಗಳನ್ನು ಮಂಡಿಸುವುದೇ ಸರ್ಕಾರ. ಅದೇ ಸರ್ಕಾರ ‘ಅಂಕಿತ ಹಾಕಿ’ ಎನ್ನದೆ ಇನ್ನೇನು ಸಲಹೆ ಕೊಟ್ಟೀತು? ಹಾಗಿದ್ದ ಮೇಲೆ ವಾಪಸ್ ಕಳಿಸುವ ಅಧಿಕಾರಕ್ಕೆ ಅರ್ಥವೇನು? ಏನೂ ಮಾಡದೆ ಕಡತವನ್ನು ಮೇಜಿನ ಮೇಲೇ ಇಟ್ಟುಕೊಂಡರೆ ಯಾರು ಕೇಳಬೇಕು? ‘ಪಾಕೆಟ್ ವೀಟೋ’ ಎಂಬ ಮಾತನ್ನು ಎಲ್ಲರೂ ಬಳಸುತ್ತಾರೆ, ಅದು ಸಂವಿಧಾನದಲ್ಲಿ ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ವಿಧಿ, ವರ್ಷ, ಪ್ರಕರಣ ಸಮೇತ ಹೇಳಿದರೆ ಉಪಕಾರ.

ಕಲಮು_ಉಪಕಲಮು:

ಗೊಂದಲದ ಮೂಲ ‘ವಾಪಸ್ ಕಳಿಸುವುದು’ ಎಂಬ ಮಾತಿನಲ್ಲೇ ಇದೆ. ಎರಡು ಬೇರೆ ಬೇರೆ ಕೆಲಸಗಳಿಗೆ ನಾವು ಅದೊಂದೇ ಮಾತು ಬಳಸುತ್ತೇವೆ.

ಮೊದಲನೆಯದು ಸಂಪುಟಕ್ಕೆ ವಾಪಸ್ ಕಳಿಸುವುದು, 74ನೇ ವಿಧಿಯಡಿ. ಸಲಹೆಯಂತೆ ನಡೆಯತಕ್ಕದ್ದು ಎಂಬ ಕಟ್ಟು ಮೂಲ ಸಂವಿಧಾನದಲ್ಲಿ ಇರಲಿಲ್ಲ. ಅದನ್ನು ಬರೆದದ್ದು 1976ರ 42ನೇ ತಿದ್ದುಪಡಿ. 1978ರ 44ನೇ ತಿದ್ದುಪಡಿ ಅದಕ್ಕೊಂದು ಪರಂತುಕ (‘ಆದರೆ’ ಎಂದು ಸೇರಿಸುವ ಷರತ್ತು) ಸೇರಿಸಿತು: ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಕೇಳಬಹುದು, ಮರುಪರಿಶೀಲಿಸಿ ಕೊಟ್ಟ ಸಲಹೆಯಂತೆ ನಡೆಯಲೇಬೇಕು. ಆದರೆ 42ನೇ ತಿದ್ದುಪಡಿಗೂ ಮೊದಲೇ, 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇದೇ ತತ್ವವನ್ನು ಹೇಳಿಯಾಗಿತ್ತು. 1976ಕ್ಕೆ ಮುಂಚೆ ರಾಷ್ಟ್ರಪತಿ ಸ್ವತಂತ್ರರಾಗಿದ್ದರು ಎಂದು ಬರೆಯುವವರು ಈ ತೀರ್ಪನ್ನು ಓದಿರುವುದಿಲ್ಲ.

ಎರಡನೆಯದು ಸಂಸತ್ತಿಗೆ ವಾಪಸ್ ಕಳಿಸುವುದು, 111ನೇ ವಿಧಿಯಡಿ. ಇಲ್ಲಿ ಸಂದೇಶ ಹೋಗುವುದು ಸದನಗಳಿಗೆ. ಸದನಗಳು ತಿದ್ದುಪಡಿ ಮಾಡಿಯೋ ಮಾಡದೆಯೋ ಮತ್ತೆ ಅಂಗೀಕರಿಸಿದರೆ ಅಂಕಿತ ತಡೆಹಿಡಿಯುವಂತಿಲ್ಲ. ಎರಡನೇ ಸಲಕ್ಕೂ ಸಾಮಾನ್ಯ ಬಹುಮತವೇ ಸಾಕು. ಅಮೆರಿಕದ ಮೂರನೇ ಎರಡರ ಲೆಕ್ಕವನ್ನು ಇಲ್ಲಿಗೆ ತಂದು ಬೆರೆಸಬೇಡಿ, ಈ ತಪ್ಪು ಪದೇ ಪದೇ ಕಾಣುತ್ತದೆ.

ಈ ಅಧಿಕಾರವನ್ನು ರಾಷ್ಟ್ರಪತಿ ತಮ್ಮ ವಿವೇಚನೆಯಿಂದ ಬಳಸಿದ್ದಕ್ಕೆ ನೇರ ಉದಾಹರಣೆ 2006ರ ‘ಲಾಭದಾಯಕ ಹುದ್ದೆ’ ಮಸೂದೆ. ಕೆಲವು ಹುದ್ದೆಗಳಲ್ಲಿದ್ದ ಸಂಸದರು ಅನರ್ಹರಾಗದಂತೆ ಅದು ವಿನಾಯಿತಿ ಕೊಡುತ್ತಿತ್ತು, ಅದೂ ಪೂರ್ವಾನ್ವಯವಾಗಿ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಮೇ ತಿಂಗಳಲ್ಲಿ ಮಸೂದೆಯನ್ನು ವಾಪಸ್ ಕಳಿಸಿ, ಎಲ್ಲ ರಾಜ್ಯಗಳಿಗೂ ಅನ್ವಯವಾಗುವ ಸ್ಪಷ್ಟ ಮಾನದಂಡ ಏಕಿಲ್ಲ ಎಂದು ಕೇಳಿದರು. ಸಂಸತ್ತು ಅದನ್ನೇ ಮತ್ತೆ ಅಂಗೀಕರಿಸಿತು. ಆಗಸ್ಟ್‌ನಲ್ಲಿ ಅವರು ಅಂಕಿತ ಹಾಕಿದರು. ಮಸೂದೆ ನಿಲ್ಲಲಿಲ್ಲ, ಆದರೆ ಪ್ರಶ್ನೆ ದಾಖಲೆಯಲ್ಲಿ ಉಳಿಯಿತು. ವಾಪಸ್ ಕಳಿಸುವುದರಿಂದ ಸಂಸತ್ತಿನ ಕೊನೆಯ ಮಾತಿಗೆ ಧಕ್ಕೆಯಿಲ್ಲವಾದ್ದರಿಂದ 74ಕ್ಕೂ 111ಕ್ಕೂ ನೇರ ಘರ್ಷಣೆ ಆಗುವುದಿಲ್ಲ ಎಂಬುದು ನನ್ನ ಓದು. ಸರ್ಕಾರದ ಸಲಹೆಗೆ ವಿರುದ್ಧವಾಗಿ ಅಂಕಿತವನ್ನು ಪೂರ್ತಿ ತಡೆಹಿಡಿದರೆ ಮಾತ್ರ ಘರ್ಷಣೆ.

ಪೂರ್ತಿ ತಡೆಹಿಡಿದ ಪ್ರಸಂಗಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. 1954ರಲ್ಲಿ ಪೆಪ್ಸು (ಪಟಿಯಾಲ ಮತ್ತು ಪೂರ್ವ ಪಂಜಾಬ್ ಸಂಸ್ಥಾನಗಳ ಒಕ್ಕೂಟ) ರಾಜ್ಯದ ಧನವಿನಿಯೋಗ ಮಸೂದೆಗೆ ರಾಜೇಂದ್ರ ಪ್ರಸಾದ್ ಅವರು ಅಂಕಿತ ಹಾಕಲಿಲ್ಲ. ಮಸೂದೆ ಅವರ ಮುಂದೆ ಬರುವಷ್ಟರಲ್ಲಿ ಆ ರಾಜ್ಯದ ರಾಷ್ಟ್ರಪತಿ ಆಳ್ವಿಕೆ ಮುಗಿದಿತ್ತು, ಮಸೂದೆ ಬೇಕಾಗಿರಲಿಲ್ಲ. ಸಂಘರ್ಷದ ಮಾತೇ ಅಲ್ಲಿಲ್ಲ. ಆರ್. ವೆಂಕಟರಾಮನ್ ಅವರು ಸಂಸದರ ವೇತನ, ಪಿಂಚಣಿ ತಿದ್ದುಪಡಿ ಮಸೂದೆಯನ್ನು ತಡೆದದ್ದು ಅಗತ್ಯವಿದ್ದ ರಾಷ್ಟ್ರಪತಿಯ ಪೂರ್ವ ಶಿಫಾರಸು ಪಡೆಯದೆ, ಲೋಕಸಭೆ ವಿಸರ್ಜನೆಯ ಅಂಚಿನಲ್ಲಿ, ತರಾತುರಿಯಲ್ಲಿ ಅದನ್ನು ಅಂಗೀಕರಿಸಿದ್ದಕ್ಕೆ.

ಎರಡು ಬಗೆಯ ಮಸೂದೆಗಳಲ್ಲಿ ವಾಪಸ್ ಕಳಿಸುವ ದಾರಿಯೇ ಇಲ್ಲ. ಧನ ಮಸೂದೆಯನ್ನು 111ನೇ ವಿಧಿಯೇ ಹೊರಗಿಟ್ಟಿದೆ, ಹೇಗೂ ಅದು ರಾಷ್ಟ್ರಪತಿಯ ಶಿಫಾರಸಿನ ಮೇಲೆಯೇ ಮಂಡನೆಯಾಗುತ್ತದೆ. ಸಂವಿಧಾನ ತಿದ್ದುಪಡಿ ಮಸೂದೆಗೆ 1971ರ 24ನೇ ತಿದ್ದುಪಡಿಯ ನಂತರ ಅಂಕಿತ ಹಾಕಲೇಬೇಕು.

ಇನ್ನು ಪಾಕೆಟ್ ವೀಟೋ. ಆ ಹೆಸರು ಸಂವಿಧಾನದಲ್ಲಿ ಎಲ್ಲೂ ಇಲ್ಲ. 111ನೇ ವಿಧಿಯ ಪರಂತುಕದಲ್ಲಿ ಮಸೂದೆ ಬಂದ ಮೇಲೆ ‘ಸಾಧ್ಯವಾದಷ್ಟು ಬೇಗ’ ವಾಪಸ್ ಕಳಿಸಬಹುದು ಎಂದಿದೆಯೇ ಹೊರತು ದಿನಗಳ ಲೆಕ್ಕವಿಲ್ಲ. ಆ ಖಾಲಿ ಜಾಗಕ್ಕೆ ಇಟ್ಟ ಹೆಸರು ಅದು. 1986ರ ಭಾರತೀಯ ಅಂಚೆ ಕಚೇರಿ (ತಿದ್ದುಪಡಿ) ಮಸೂದೆಗೆ ಜೈಲ್ ಸಿಂಗ್ ಅವರು ಅಂಕಿತವನ್ನೂ ಹಾಕಲಿಲ್ಲ, ತಡೆದೆ ಎಂದೂ ಹೇಳಲಿಲ್ಲ. ಖಾಸಗಿ ಪತ್ರಗಳನ್ನು ತಡೆದು ತೆರೆಯಲು ಸರ್ಕಾರಕ್ಕೆ ಅದು ವ್ಯಾಪಕ ಅಧಿಕಾರ ಕೊಡುತ್ತಿತ್ತು.

ರಾಜಪತ್ರ:

ಅಂಚೆ ಮಸೂದೆಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಪಠ್ಯಪುಸ್ತಕಗಳು ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ಜೈಲ್ ಸಿಂಗ್ ಅವರ ಅವಧಿ 1987ರ ಜುಲೈನಲ್ಲಿ ಮುಗಿಯಿತು, ಮಸೂದೆ ಹಾಗೇ ಉಳಿದಿತ್ತು. 1989ರಲ್ಲಿ ಲೋಕಸಭೆ ವಿಸರ್ಜನೆಯಾದರೂ ಅದು ರದ್ದಾಗಲಿಲ್ಲ. ಸದನಗಳ ಅಂಗೀಕಾರ ಪಡೆದು ಅಂಕಿತಕ್ಕೆ ಕಾಯುತ್ತಿರುವ ಮಸೂದೆ ವಿಸರ್ಜನೆಯಿಂದ ಬಿದ್ದುಹೋಗುವುದಿಲ್ಲ. ಕೇರಳದ ಭೂಸುಧಾರಣೆ ಮಸೂದೆಗೆ ಸಂಬಂಧಿಸಿದ 1962ರ ಪುರುಷೋತ್ತಮನ್ ನಂಬೂದಿರಿ ಪ್ರಕರಣದಲ್ಲೇ ಇದು ತೀರ್ಮಾನವಾಗಿದೆ. ಕೊನೆಗೆ 1990ರಲ್ಲಿ ವೆಂಕಟರಾಮನ್ ಅವರು ಅದನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿದರು, 2002ರಲ್ಲಿ ಸರ್ಕಾರ ಹಿಂಪಡೆಯಿತು. ಅಂದರೆ ‘ಪಾಕೆಟ್’ನಲ್ಲಿ ಇದ್ದದ್ದು ಸುಮಾರು ಮೂರು ವರ್ಷ, ಆಮೇಲಿನದು 111ರ ಮಾಮೂಲಿ ದಾರಿ.

74ರ ಕಡೆಗೆ ಬಂದರೆ, ಆ ಪರಂತುಕ ಹೆಚ್ಚು ಕೆಲಸ ಮಾಡಿರುವುದು ಮಸೂದೆಗಳ ವಿಷಯದಲ್ಲಲ್ಲ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ವಿಷಯದಲ್ಲಿ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರ ಸದನದಲ್ಲಿ ವಿಶ್ವಾಸಮತ ಗೆದ್ದ ಬೆನ್ನಲ್ಲೇ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಕೇಂದ್ರ ಸಂಪುಟ ಶಿಫಾರಸು ಮಾಡಿತು. ಕೆ.ಆರ್. ನಾರಾಯಣನ್ ಅವರು ವಾಪಸ್ ಕಳಿಸಿದರು, ಸಂಪುಟ ಕೈಬಿಟ್ಟಿತು. 1998ರಲ್ಲಿ ಬಿಹಾರದ ವಿಷಯದಲ್ಲೂ ಹಾಗೇ ಆಯಿತು. 1999ರ ಫೆಬ್ರುವರಿಯಲ್ಲಿ ಬಿಹಾರದ ಶಿಫಾರಸು ಮತ್ತೆ ಬಂತು, ಈ ಸಲ ಅಂಕಿತ ಬಿತ್ತು. ಆದರೆ ಘೋಷಣೆಗೆ ಎರಡು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕಲ್ಲ, ರಾಜ್ಯಸಭೆಯಲ್ಲಿ ಬಹುಮತ ಇರಲಿಲ್ಲ. ಮಾರ್ಚ್‌ನಲ್ಲೇ ಘೋಷಣೆಯನ್ನು ಹಿಂಪಡೆಯಬೇಕಾಯಿತು.

ನಾರಾಯಣನ್ ಅವರ ಬೆನ್ನಿಗೆ ನಿಂತದ್ದು 1994ರ ಎಸ್.ಆರ್. ಬೊಮ್ಮಾಯಿ ತೀರ್ಪು. ನಮ್ಮ ರಾಜ್ಯದ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ವಜಾ ಮಾಡಿದ್ದರಿಂದ ಹುಟ್ಟಿದ ಪ್ರಕರಣ. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ತೀರ್ಮಾನವಾಗಬೇಕು, ರಾಜಭವನದಲ್ಲಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿಡಬಹುದು ಅಷ್ಟೆ. ಇನ್ನೊಂದು ಮುಖ್ಯ ಅಂಶ: ಸಚಿವರು ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟರು ಎಂದು ನ್ಯಾಯಾಲಯ ಕೇಳುವಂತಿಲ್ಲ (74(2)), ಆದರೆ ಆ ಸಲಹೆಗೆ ಆಧಾರವಾದ ದಾಖಲೆಗಳನ್ನು ತರಿಸಿಕೊಂಡು ನೋಡಬಹುದು.

ಸುಗ್ರೀವಾಜ್ಞೆಯಲ್ಲೂ ಇದೇ ಬಗೆ. 2002ರ ಆಗಸ್ಟ್‌ನಲ್ಲಿ ಚುನಾವಣಾ ಸುಧಾರಣೆಯ ಸುಗ್ರೀವಾಜ್ಞೆಯನ್ನು ಕಲಾಂ ವಾಪಸ್ ಕಳಿಸಿದರು, ಸಂಪುಟ ಬದಲಿಸದೆ ಮತ್ತೆ ಕಳಿಸಿತು, ಅಂಕಿತ ಹಾಕಿದರು.

ಮೊಗಸಾಲೆ:

ತುಂಬಾ ಸ್ಪಷ್ಟವಾಯಿತು. ರಾಜ್ಯದ ಮಸೂದೆ ರಾಷ್ಟ್ರಪತಿಗೆ ಹೋದಾಗಲೂ ಎರಡನೇ ಸಲ ಅಂಗೀಕರಿಸಿದರೆ ಅಂಕಿತ ಹಾಕಲೇಬೇಕೇ?

ಕಲಮು_ಉಪಕಲಮು:

ಇಲ್ಲ. 111 ಮತ್ತು 201ನೇ ವಿಧಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. 111ರಲ್ಲಿ ‘ಮತ್ತೆ ಅಂಗೀಕರಿಸಿದರೆ ಅಂಕಿತ ತಡೆಹಿಡಿಯತಕ್ಕದ್ದಲ್ಲ’ ಎಂಬ ಸಾಲಿದೆ. 201ರಲ್ಲಿ ಆ ಸಾಲೇ ಇಲ್ಲ. ರಾಷ್ಟ್ರಪತಿ ರಾಜ್ಯಪಾಲರ ಮೂಲಕ ವಾಪಸ್ ಕಳಿಸಿದರೆ ವಿಧಾನಮಂಡಲ ಆರು ತಿಂಗಳೊಳಗೆ ಮರುಪರಿಶೀಲಿಸಬೇಕು, ಮತ್ತೆ ಅಂಗೀಕಾರವಾದರೆ ‘ಪುನಃ ರಾಷ್ಟ್ರಪತಿಯ ಪರಿಶೀಲನೆಗೆ ಸಲ್ಲಿಸತಕ್ಕದ್ದು’ ಎನ್ನುವಲ್ಲಿಗೆ ವಿಧಿ ಮುಗಿಯುತ್ತದೆ. ಶಾಸಕರಿಗೆ ಆರು ತಿಂಗಳ ಗಡುವು ಇದೆ, ರಾಷ್ಟ್ರಪತಿಗೆ ಯಾವ ಗಡುವೂ ಇಲ್ಲ. ಇಲ್ಲಿ ರಾಷ್ಟ್ರಪತಿ ನಡೆಯುವುದು ಕೇಂದ್ರ ಸಂಪುಟದ ಸಲಹೆಯಂತೆ ಎಂಬುದನ್ನು ಮರೆಯಬೇಡಿ. ಹಾಗಾಗಿ ವ್ಯವಹಾರದಲ್ಲಿ ಇದು ಕೇಂದ್ರ ಸರ್ಕಾರದ ಕೈಯಲ್ಲಿರುವ ವೀಟೋ. ಒಕ್ಕೂಟ ವ್ಯವಸ್ಥೆಯ ಬಗ್ಗೆ ಕಾಳಜಿ ಇರುವವರು 111ಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೆ.

2025ರ ಏಪ್ರಿಲ್‌ನಲ್ಲಿ ತಮಿಳುನಾಡು ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಷ್ಟ್ರಪತಿಗೆ ಮೂರು ತಿಂಗಳ ಗಡುವು ಹಾಕಿತು. ಮೇ ತಿಂಗಳಲ್ಲಿ ರಾಷ್ಟ್ರಪತಿ 143ನೇ ವಿಧಿಯಡಿ 14 ಪ್ರಶ್ನೆಗಳನ್ನು ಸುಪ್ರೀಂ ಕೋರ್ಟ್‌ಗೆ ಒಪ್ಪಿಸಿದರು. ನವೆಂಬರ್‌ನಲ್ಲಿ ಐವರ ಸಂವಿಧಾನ ಪೀಠದ ಅಭಿಪ್ರಾಯ ಬಂತು: ನ್ಯಾಯಾಲಯ ಗಡುವು ಹಾಕುವಂತಿಲ್ಲ, ಗಡುವು ಮೀರಿದ್ದಕ್ಕೆ ಅಂಕಿತ ಬಿದ್ದಿದೆ ಎಂದು ಭಾವಿಸುವಂತೆಯೂ ಇಲ್ಲ. ಮಸೂದೆಗಳ ಮೇಲೆ ದೀರ್ಘಕಾಲ ಕಾರಣ ಹೇಳದೆ ಕೂತರೆ, ತೀರ್ಮಾನ ತೆಗೆದುಕೊಳ್ಳಿ ಎಂದಷ್ಟೇ ನ್ಯಾಯಾಲಯ ನಿರ್ದೇಶಿಸಬಹುದು, ಏನು ತೀರ್ಮಾನ ಎಂದು ಹೇಳಲಾಗದು. ಏಪ್ರಿಲ್ ತೀರ್ಪಿನ ಮೂರು ತಿಂಗಳನ್ನು ಈಗಲೂ ನಿಯಮವೆಂದು ಉಲ್ಲೇಖಿಸುವವರಿದ್ದಾರೆ. ಹಾಗೆ ಮಾಡಬೇಡಿ.

ರಾಜ್ಯಗಳು ಎಡವುವ ಇನ್ನೊಂದು ಕಡೆ 254(2). ಸಮವರ್ತಿ ಪಟ್ಟಿಯ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ) ವಿಷಯದಲ್ಲಿ ರಾಜ್ಯದ ಮಸೂದೆ ಕೇಂದ್ರ ಕಾನೂನಿಗೆ ವಿರುದ್ಧವಾಗಿದ್ದರೆ, ರಾಷ್ಟ್ರಪತಿಯ ಅಂಕಿತ ಸಿಕ್ಕಾಗ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಿಲ್ಲುತ್ತದೆ. ಕಂಬಳ ಉಳಿದದ್ದು ಈ ದಾರಿಯಲ್ಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೇಂದ್ರದ್ದು, ಕರ್ನಾಟಕ ಅದಕ್ಕೆ ತಿದ್ದುಪಡಿ ತಂದಿತು, 2018ರಲ್ಲಿ ಅಂಕಿತ ಸಿಕ್ಕಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಅಂಕಿತ ಕೇಳುವಾಗ ಯಾವ ಕೇಂದ್ರ ಕಾನೂನಿಗೆ ವಿರುದ್ಧ ಎಂದು ಕಡತದಲ್ಲಿ ಹೆಸರಿಸಲೇಬೇಕು. ಹೆಸರಿಸದ ಕಾನೂನಿನ ವಿಷಯದಲ್ಲಿ ಆ ಅಂಕಿತ ರಕ್ಷಣೆ ಕೊಡುವುದಿಲ್ಲ ಎಂದು 2002ರ ಕೈಸರ್-ಇ-ಹಿಂದ್ ಪ್ರಕರಣ ಹೇಳಿದೆ.

ತ್ರಿಶಂಕು_ಸಭೆ:

ಸಲಹೆ ಕೊಡುವವರೇ ಇಲ್ಲದ ಗಳಿಗೆಯನ್ನು ಯಾರೂ ಮುಟ್ಟಲಿಲ್ಲ. ಯಾರಿಗೂ ಬಹುಮತ ಬರದಿದ್ದಾಗ ಪ್ರಧಾನಿಯಾಗಿ ಯಾರನ್ನು ಕರೆಯಬೇಕು ಎಂದು 75(1) ಹೇಳುವುದಿಲ್ಲ. ರಾಷ್ಟ್ರಪತಿಯ ಸ್ವಂತ ವಿವೇಚನೆ ಹೆಚ್ಚು ಕಾಣುವುದು ಇಲ್ಲಿಯೇ. ವೆಂಕಟರಾಮನ್ ಅವರು 1989ರಲ್ಲಿ ಅತಿ ದೊಡ್ಡ ಪಕ್ಷವನ್ನು ಮೊದಲು ಕೇಳಿ, ಅದು ಬೇಡವೆಂದ ಮೇಲೆ ವಿ.ಪಿ. ಸಿಂಗ್ ಅವರನ್ನು ಕರೆದರು. 1996ರಲ್ಲಿ ಶಂಕರ ದಯಾಳ ಶರ್ಮಾ ಅವರೂ ಅತಿ ದೊಡ್ಡ ಪಕ್ಷದ ನಾಯಕರಾಗಿದ್ದ ವಾಜಪೇಯಿ ಅವರನ್ನು ಕರೆದರು, ಆ ಸರ್ಕಾರ 13 ದಿನಕ್ಕೆ ಹೋಯಿತು. 1998ರಲ್ಲಿ ನಾರಾಯಣನ್ ಅವರು ಮೊದಲು ಬೆಂಬಲದ ಪತ್ರಗಳನ್ನು ತನ್ನಿ ಎಂದರು. ನನ್ನ ಮಟ್ಟಿಗೆ ಪತ್ರ ಕೇಳುವ ಕ್ರಮವೇ ಮೇಲು. ಆದರೂ ಪತ್ರವೇ ಕೊನೆಯಲ್ಲ, ಸದನದಲ್ಲಿ ಎಣಿಕೆ ಆಗಬೇಕು. 1999ರ ಏಪ್ರಿಲ್ 17ರಂದು ಅದೇ ಸರ್ಕಾರ 269–270ರಲ್ಲಿ, ಒಂದೇ ಮತದಿಂದ ಬಿತ್ತು.

ಲೋಕಸಭೆ ವಿಸರ್ಜನೆಯಾದ ಮೇಲೆ ಸಂಪುಟವಿಲ್ಲದೆ ರಾಷ್ಟ್ರಪತಿ ನೇರ ಆಳಬಹುದು ಎಂಬ ಕಲ್ಪನೆಯೂ ತಪ್ಪು. ಮಂತ್ರಿ ಪರಿಷತ್ತು ಸದಾ ಇರಲೇಬೇಕು ಎಂದು 1971ರ ಯು.ಎನ್. ರಾವ್ ಪ್ರಕರಣದಲ್ಲಿ ಹೇಳಲಾಗಿದೆ. ಕೇಂದ್ರಕ್ಕೆ 356ರಂಥ ವಿಧಿ ಇಲ್ಲ.

ಮೊಗಸಾಲೆ:

ಕೊನೆಯದಾಗಿ ಒಂದು: ಅಂಕಿತ ಬಿದ್ದ ದಿನವೇ ಕಾನೂನು ಜಾರಿಗೆ ಬಂದಂತೆಯೇ?

ರಾಜಪತ್ರ:

ಕಾಯ್ದೆಯ 1ನೇ ಕಲಮು ನೋಡಿ. ಜಾರಿಯ ದಿನದ ಬಗ್ಗೆ ಅಲ್ಲಿ ಏನೂ ಇಲ್ಲದಿದ್ದರೆ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 5ನೇ ಕಲಮಿನಂತೆ ಅಂಕಿತದ ದಿನವೇ ಜಾರಿ. ‘ಕೇಂದ್ರ ಸರ್ಕಾರ ಅಧಿಸೂಚಿಸುವ ದಿನಾಂಕದಿಂದ’ ಎಂದಿದ್ದರೆ ಅಧಿಸೂಚನೆಗೆ ಕಾಯಬೇಕು. ಪೌರತ್ವ (ತಿದ್ದುಪಡಿ) ಕಾಯ್ದೆಗೆ ಅಂಕಿತ ಬಿದ್ದದ್ದು 2019ರ ಡಿಸೆಂಬರ್ 12ರಂದು, ಜಾರಿಗೆ ಬಂದದ್ದು 2020ರ ಜನವರಿ 10ರಂದು, ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್‌ನಲ್ಲಿ. ಮೂರೂ ದಿನಾಂಕಗಳನ್ನು ರಾಜಪತ್ರದಲ್ಲೇ ನೋಡಿ ಖಚಿತಪಡಿಸಿಕೊಳ್ಳಿ, ಪತ್ರಿಕೆಯ ತಲೆಬರಹ ನಂಬಿ ಅರ್ಜಿ ಬರೆಯಬೇಡಿ.