ಅಲಿ ಕರೀಮಿ ಬಯರ್ನ್‌ನಲ್ಲಿ ಯಾಕೆ ನಿಲ್ಲಲಿಲ್ಲ?

ಬೆಂಚ್ ಮೇಲಿನವ: ಇರಾನಿನ ಫುಟ್‌ಬಾಲ್ ಆಟಗಾರ ಅಲಿ ಕರೀಮಿಯ ಹಳೆಯ ಕ್ಲಿಪ್‌ಗಳನ್ನು ನೋಡ್ತಾ ಕೂತೆ. ಇಂಥ ಆಟಗಾರ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್‌ನಲ್ಲಿ ಎರಡೇ ವರ್ಷ ಇದ್ದನಾ? ಪ್ರತಿಭೆ ಇದ್ದೂ ಜಗಳಗಂಟ ಅಂತಾರೆ. ಗೊತ್ತಿದ್ದವರು ಹೇಳಿ.

ದುಬೈ ಕುಂದಾಪ್ರ: ನಾನು ಆಗ ದುಬೈನಲ್ಲಿದ್ದೆ. 2001ರಿಂದ 2005ರವರೆಗೆ ಅವನು ಅಲ್ಲಿನ ಅಲ್ ಅಹ್ಲಿ ಕ್ಲಬ್‌ಗೆ ಆಡಿದ. ಕೆಲಸ ಮುಗಿಸಿ ರಶೀದ್ ಸ್ಟೇಡಿಯಂಗೆ ಹೋಗ್ತಿದ್ದೆವು. ಚೆಂಡನ್ನು ಅಂಗಾಲಿನ ಕೆಳಗಿಟ್ಟು ಸುಮ್ನೆ ನಿಲ್ಲುತ್ತಿದ್ದ. ಡಿಫೆಂಡರ್ ತಡೆಯಲಾರದೆ ಕಾಲು ಹಾಕಿದನೋ, ಭುಜ ಒಂದು ಕಡೆ ಬಾಗಿಸಿ ಇನ್ನೊಂದು ಕಡೆಯಿಂದ ಹೋಗಿಬಿಡುತ್ತಿದ್ದ. ಓಟದ ವೇಗ ಜಾಸ್ತಿ ಏನಿರಲಿಲ್ಲ. ಎದುರಾಳಿಯ ಆತುರವೇ ಅವನ ಬಂಡವಾಳ.

2004ರ ಏಷ್ಯಾ ಕಪ್ ಕ್ವಾರ್ಟರ್ ಫೈನಲ್ ಹುಡುಕಿ ನೋಡಿ. ಚೀನಾದ ಜಿನಾನ್‌ನಲ್ಲಿ, ದಕ್ಷಿಣ ಕೊರಿಯಾ ವಿರುದ್ಧ. ಇರಾನ್ ಗೋಲು ಹಾಕುತ್ತೆ, ಕೊರಿಯಾ ಸಮ ಮಾಡುತ್ತೆ. ಹೀಗೆ ಮೂರು ಸಲ. ಕೊನೆಗೆ 77ನೇ ನಿಮಿಷದಲ್ಲಿ ಕರೀಮಿಯ ಮೂರನೇ ಗೋಲು, 4-3. ಆ ವರ್ಷ ಏಷ್ಯಾದ ಶ್ರೇಷ್ಠ ಆಟಗಾರನೂ ಅವನೇ.

ಪಾಸ್ ಕೊಡಪ್ಪ: ಅಣ್ಣ, ಅಭಿಮಾನ ಸರಿ. ಆದ್ರೆ ಪಾಸ್ ಕೊಡಬೇಕಾದಲ್ಲೂ ಇನ್ನೊಬ್ಬನನ್ನು ದಾಟಲು ಹೋಗ್ತಿದ್ದ. ಬಯರ್ನ್‌ನಲ್ಲಿ ಅದು ನಡೆಯುತ್ತಾ?

ದುಬೈ ಕುಂದಾಪ್ರ: ಒಪ್ಪುತ್ತೇನೆ, ಆ ಚಟ ಇತ್ತು. ಆದ್ರೆ ಅವನನ್ನು ಬಯರ್ನ್‌ನಲ್ಲಿ ಆಡಿಸಿದ ಕೋಚ್ ಫೆಲಿಕ್ಸ್ ಮಗಾತ್. 2005-06ರಲ್ಲಿ ಲೀಗೂ ಜರ್ಮನ್ ಕಪ್ಪೂ ಬಂದವು. ಅದೇ ಮಗಾತ್ 2011ರಲ್ಲಿ ಜರ್ಮನಿಯದ್ದೇ ಇನ್ನೊಂದು ಕ್ಲಬ್ ಶಾಲ್ಕೆಯಲ್ಲಿದ್ದಾಗ ಅವನನ್ನು ಮತ್ತೆ ಕರೆಸಿಕೊಂಡ. ಕರೀಮಿಗೆ ಆಗ 32 ವರ್ಷ. ಬೇಡವಾದವನನ್ನು ಆ ವಯಸ್ಸಲ್ಲಿ ಯಾರು ಕರೀತಾರೆ? ನನ್ನ ಪ್ರಕಾರ ಮ್ಯೂನಿಕ್‌ನಲ್ಲಿ ಅವನು ಸೋಲಲಿಲ್ಲ. ಅಲ್ಲಿನ ಪೈಪೋಟಿಯಲ್ಲಿ ಖಾಯಂ ಜಾಗ ಸಿಗಲಿಲ್ಲ, ಅಷ್ಟೇ.

ಜಗಳದ ಮಾತಿಗೆ ಬರೋಣ. ಇರಾನಿನ ಫುಟ್‌ಬಾಲ್ ಫೆಡರೇಷನ್ ಬಗ್ಗೆ ಬಾಯಿಬಿಟ್ಟು ಟೀಕಿಸುತ್ತಿದ್ದ. 2009ರ ಜೂನ್‌ನಲ್ಲಿ, ಟೆಹ್ರಾನಿನಲ್ಲಿ ಚುನಾವಣೆಯ ಗಲಾಟೆ ಜೋರಾಗಿದ್ದಾಗ, ಸಿಯೋಲ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ ಇತ್ತು. ಕೆಲವು ಆಟಗಾರರು ಕೈಗೆ ಹಸಿರು ಪಟ್ಟಿ ಕಟ್ಟಿ ಇಳಿದರು. ಹಸಿರು ಅಂದ್ರೆ ಆಗ ವಿರೋಧಿಗಳ ಬಣ್ಣ. ಅವರಲ್ಲಿ ಇವನೂ ಒಬ್ಬ. ಮರುವರ್ಷ ರಂಜಾನ್‌ನಲ್ಲಿ ಅಭ್ಯಾಸದ ವೇಳೆ ನೀರು ಕುಡಿದ ಅಂತ ಸ್ಟೀಲ್ ಅಜಿನ್ ಕ್ಲಬ್ ಹೊರಹಾಕಿತು, ಆಮೇಲೆ ವಾಪಸ್ ಸೇರಿಸಿಕೊಂಡಿತು. ಆಗಸ್ಟ್ ತಿಂಗಳ ಬಿಸಿಲಲ್ಲಿ ನೀರು! ಗಲ್ಫ್‌ನ ಆಗಸ್ಟ್ ನೋಡಿದ ನನಗೆ ಅದು ತಪ್ಪು ಅನ್ನಿಸಲೇ ಇಲ್ಲ.

ಬೆಂಚ್ ಮೇಲಿನವ: ನಿವೃತ್ತಿಯಾದ ಮೇಲಾದರೂ ತಣ್ಣಗಾದನಾ?

ದುಬೈ ಕುಂದಾಪ್ರ: ಎಲ್ಲಿಂದ! 2014ರಲ್ಲಿ ತಬ್ರಿಜ್‌ನ ಟ್ರಾಕ್ಟರ್ ಕ್ಲಬ್‌ಗೆ ಇರಾನಿನ ಕ್ಲಬ್‌ಗಳ ನಾಕೌಟ್ ಟೂರ್ನಿ ಹಜ್ಫಿ ಕಪ್ ಗೆದ್ದುಕೊಟ್ಟು ಆಟ ನಿಲ್ಲಿಸಿದ. 2022ರಲ್ಲಿ ಹಿಜಾಬ್ ವಿಚಾರಕ್ಕೆ ಪೊಲೀಸರು ಹಿಡಿದಿದ್ದ ಯುವತಿ ಮಹ್ಸಾ ಅಮೀನಿ ಸತ್ತಾಗ ಪ್ರತಿಭಟನಾಕಾರರ ಪರ ಇನ್‌ಸ್ಟಾಗ್ರಾಮ್‌ನಲ್ಲಿ ನೇರವಾಗಿ ಬರೆದ. ದೇಶದ ಹೊರಗಿದ್ದವನ ಮೇಲೆ ಅಲ್ಲಿ ಕೇಸು ಹಾಕಿದರು.

ಪಾಸ್ ಕೊಡಪ್ಪ: ಧೈರ್ಯಕ್ಕೆ ಸಲಾಂ. ಆದ್ರೂ ಪಾಸ್ ಕೊಡಬೇಕಿತ್ತು ಅಣ್ಣ.

ದುಬೈ ಕುಂದಾಪ್ರ: ಮೊದಲು ಆ ಕೊರಿಯಾ ಮ್ಯಾಚ್ ಪೂರ್ತಿ ನೋಡು ಮಾರಾಯ, ಆಮೇಲೆ ಜಗಳ ಮುಂದುವರಿಸೋಣ.