ತಮ್ಮನಿಗೆ ಕುಮಟಾ ಕಡೆ ಟಪಾಲು ಕೆಲಸ: ಗುಡ್ಡ, ಸಮುದ್ರದ ನಡುವಿನ ಊರಲ್ಲಿ ದಿನ ಹೇಗೆ?

ಶ್ರೀನಿವಾಸಪುರದಕ್ಕ ಕೇಳಿದ್ದು:

ನಮ್ಮದು ಶ್ರೀನಿವಾಸಪುರ ಕಡೆ ಹಳ್ಳಿ. ಮಾವಿನ ತೋಪು, ಸ್ವಲ್ಪ ಟೊಮೆಟೊ, ಎರಡು ಸೀಮೆಹಸು. ತಮ್ಮನಿಗೆ ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಗ್ರಾಮೀಣ ಡಾಕ್ ಸೇವಕ್ ಕೆಲಸ ಸಿಕ್ಕಿದೆ. ಎಬಿಪಿಎಂ, ಅಂದರೆ ಹಳ್ಳಿಯ ಶಾಖಾ ಅಂಚೆ ಕಚೇರಿಯ ಸಹಾಯಕ ಪೋಸ್ಟ್ ಮಾಸ್ಟರ್ ಹುದ್ದೆ. ಊರು ಕುಮಟಾ ತಾಲ್ಲೂಕು, ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ. ಮ್ಯಾಪಲ್ಲಿ ನೋಡಿದರೆ ಒಂದು ಕಡೆ ಗುಡ್ಡ, ಒಂದು ಕಡೆ ನೀರು.

ಅಮ್ಮ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾಳೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಟಿವಿಯಲ್ಲಿ ನೋಡಿದ ಭಯ. ತಮ್ಮ ಮಾತ್ರ ಬೀಚು, ಫೋಟೊ ಅಂತ ಕುಣಿಯುತ್ತಿದ್ದಾನೆ. ಆ ಕಡೆ ಇದ್ದು ಬಂದವರು ಹೇಳಿ. ಪ್ರವಾಸಿಗರ ಮಾತು ಬೇಡ. ಮನೆ, ಊಟ, ನೀರು, ಜನ ಹೇಗೆ?

ಗುಡಿಬಂಡೆ ಗೌಡ:

ಎಬಿಪಿಎಂಗೆ ಶುರುವಿನಲ್ಲಿ 10,000 ರೂಪಾಯಿ, ಜೊತೆಗೆ ತುಟ್ಟಿಭತ್ಯೆ. ಅದರಲ್ಲಿ ಬಾಡಿಗೆ, ಊಟ, ಊರಿಗೆ ಓಡಾಟ. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆದುಕೊಂಡು ಮನೆ ಊಟ ಮಾಡಿದರೆ ಇದಕ್ಕಿಂತ ಜಾಸ್ತಿ ಉಳಿಯುತ್ತದೆ. ಸುಮ್ನೆ ಅಷ್ಟು ದೂರ ಯಾಕೆ?

ಪಾವಗಡದ ಟಪಾಲು:

ಅಕ್ಕ, ನಾನು ಅದೇ ಹೊಳೆ ದಂಡೆಯಲ್ಲಿ ಟಪಾಲು ಹಂಚಿದವನು. ಇಲಾಖೆ ಪರೀಕ್ಷೆ ಪಾಸಾಗಿ ಈಗ ತುಮಕೂರು ಕಡೆ ಬಂದಿದ್ದೇನೆ. ಗೌಡರ ಲೆಕ್ಕ ತಪ್ಪಲ್ಲ. ಆದರೆ ಕೆಲಸ ದಿನಕ್ಕೆ ನಾಲ್ಕೈದು ಗಂಟೆ. ಮಿಕ್ಕ ಹೊತ್ತು ಓದಿದರೆ ಪೋಸ್ಟ್‌ಮ್ಯಾನ್, ಎಂಟಿಎಸ್ (ಇಲಾಖೆಯ ಮಲ್ಟಿ ಟಾಸ್ಕಿಂಗ್ ಸಿಬ್ಬಂದಿ) ಪರೀಕ್ಷೆಗೆ ದಾರಿ ಇದೆ. ಮಂಡಿ ಲೆಕ್ಕದಲ್ಲಿ ಅದಿಲ್ಲ.

ಅಮ್ಮ ಹೆದರುವಷ್ಟು ಸಮುದ್ರ ಹತ್ತಿರ ಬರಲ್ಲ. ತಮ್ಮ ಅಂದುಕೊಂಡಷ್ಟು ಅದನ್ನು ನೋಡಲು ಪುರುಸೊತ್ತೂ ಸಿಗಲ್ಲ. ದಿನಾ ಕಾಡುವುದು ಗುಡ್ಡ. ನಮ್ಮ ಕಡೆ ಊರು ಅಂದರೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಅರಳಿಕಟ್ಟೆ, ಸುತ್ತ ಹೊಲ. ಅಲ್ಲಿ ತೆಂಗು, ಅಡಿಕೆ ತೋಟದೊಳಗೆ ಒಂದೊಂದೇ ಮನೆ. ಈ ಮನೆ ಹೊಳೆ ಪಕ್ಕ, ಪಟ್ಟಿಯಲ್ಲಿ ಅದರ ಮುಂದಿನದು ಗುಡ್ಡದ ನೆತ್ತಿಯಲ್ಲಿ. ಏರುವುದಕ್ಕೆ ಚಿರೆಕಲ್ಲಿನ (ಆ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು) ಮೆಟ್ಟಿಲು, ಮಳೆಗಾಲ ಪೂರ್ತಿ ಅದರ ಮೇಲೆ ಪಾಚಿ. ಸೈಕಲ್ಲು ಡಾಂಬರು ಇರುವವರೆಗೆ ಮಾತ್ರ.

ಇನ್ನೊಂದು ಸಂಗತಿ ಯಾವ ಟ್ರೇನಿಂಗಿನಲ್ಲೂ ಹೇಳಿಕೊಡಲ್ಲ. ಹೊಳೆ ಬಾಯಲ್ಲಿ ದಿನಕ್ಕೆ ಎರಡು ಸಲ ಭರತ, ಅಂದರೆ ಸಮುದ್ರದ ನೀರು ಏರುವುದು, ಎರಡು ಸಲ ಇಳಿತ. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬಳಚು ಆರಿಸಲು ಹೊಳೆಗೆ ಇಳಿಯುತ್ತಾರೆ. ಆ ಚಿಪ್ಪಿನ ಮಾಂಸವೇ ಅವರಿಗೆ ಸಾರು, ಅದೇ ಸಂತೆ ದುಡ್ಡು. ಆಗ ಸಂಧ್ಯಾ ಸುರಕ್ಷಾ (ವಯಸ್ಸಾದವರ ಪಿಂಚಣಿ) ದುಡ್ಡು ಹಿಡಿದು ಹೋದರೆ ಮನೆಯಲ್ಲಿ ನಾಯಿ ಮಾತ್ರ ಇರುತ್ತದೆ. ನಾಳೆ ಇದೇ ಹೊತ್ತಿಗೆ ಬರಬಾರದು ಅಂದುಕೊಂಡರೆ ಅದೂ ಕೈಕೊಡುತ್ತದೆ, ಯಾಕೆಂದರೆ ಇಳಿತ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು 10ಕ್ಕೆ ಆದರೆ ನಾಳೆ 11ರ ಹತ್ತಿರ. ನಾನು ಬೆಳಗ್ಗೆ ಎದ್ದು ಮನೆ ಓನರಮ್ಮನನ್ನು "ಇವತ್ತು ಇಳಿತ ಎಷ್ಟೊತ್ತಿಗೆ" ಅಂತ ಕೇಳಿ, ಆಮೇಲೆ ಯಾವ ಕೇರಿ ಮೊದಲು ಅಂತ ತೀರ್ಮಾನ ಮಾಡುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರಿಗೆ ಇದನ್ನು ವಿವರಿಸುವುದು ಬೇರೆ ಪಾಡು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ಆಗ ಬೋಟಿನವರ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ) ಕಂತು ತಡ ಆಗುತ್ತದೆ. ತಮ್ಮ ಒತ್ತಾಯ ಮಾಡಬಾರದು. ಬೋಟು ಇಳಿದು ಕೈಗೆ ಕಾಸು ಬಂದ ಮೇಲೆ ಅವರೇ ಬಂದು ದಂಡ ಸಮೇತ ಕಟ್ಟುತ್ತಾರೆ.

ಮಳೆಯ ಬಗ್ಗೆ ಹೇಳಿದರೆ ನಮ್ಮವರು ನಂಬಲ್ಲ. ಕೋಲಾರಕ್ಕೆ ವರ್ಷಕ್ಕೆ 750 ಮಿ.ಮೀ. ಆಸುಪಾಸು, ಅಲ್ಲಿ 3,500 ದಾಟುತ್ತದೆ. ಗೋಂದು ಹಚ್ಚಿದ ಕವರು ಜುಲೈನಲ್ಲಿ ತಾನಾಗಿ ಅಂಟಿಕೊಳ್ಳುತ್ತದೆ. ಸ್ಟಾಂಪಿನ ಹಾಳೆಗಳ ನಡುವೆ ಎಣ್ಣೆ ಕಾಗದ ಇಡಬೇಕು. ಪಾಸ್‌ಬುಕ್ಕು ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ ಹೊರಗೆ ತೆಗೆಯಬೇಡಿ. ರಾಗಿಹಿಟ್ಟು ಮೂಟೆಗಟ್ಟಲೆ ಕಳಿಸಬೇಡಿ, ಮುಗ್ಗಲು ಹಿಡಿಯುತ್ತದೆ. ರಾಗಿಯನ್ನೇ ಕಳಿಸಿ, ಬೇಕಾದಷ್ಟು ಅಲ್ಲೇ ಬೀಸಿಸಿಕೊಳ್ಳಲಿ.

ಇಷ್ಟು ಮಳೆ ಸುರಿದ ಊರಲ್ಲೇ ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುತ್ತಾರೆ. ಚಿರೆಕಲ್ಲು ನೀರು ಹಿಡಿದಿಡಲ್ಲ. ಮೇಲಿನ ಬಾವಿ ಒಣಗುತ್ತದೆ, ಕೆಳಗಿನ ಬಾವಿ ಉಪ್ಪಾಗುತ್ತದೆ. 1,200 ಅಡಿ ಬೋರು ಕೊರೆಸಿ ಬರೀ ಧೂಳು ನೋಡಿದ ನನಗೆ, ಕಣ್ಣೆದುರು ಅಷ್ಟು ನೀರಿದ್ದೂ ಕುಡಿಯಲು ಇಲ್ಲ ಅನ್ನುವುದು ಇನ್ನೂ ಹೊಟ್ಟೆ ಉರಿಯುವ ವಿಷಯ. ಮನೆ ನೋಡುವಾಗ ಬಾವಿ ನೀರು ಏಪ್ರಿಲ್‌ನಲ್ಲಿ ಹೇಗಿರುತ್ತದೆ ಅಂತ ಕೇಳಲಿ. ಮನೆಯವರನ್ನಲ್ಲ, ಪಕ್ಕದ ಮನೆಯವರನ್ನು.

ತಿಪಟೂರಿನ ಸೊಸೆ:

ನನ್ನ ತವರು ಕುಮಟಾ. ಟಪಾಲಣ್ಣ ಸರಿಯಾಗಿ ಹೇಳಿದ್ದಾರೆ, ಆದರೆ ನಮ್ಮೂರಿನ ಕಷ್ಟ ಮಾತ್ರ ಹೇಳಿ ಬಿಟ್ಟರು! ಯಾವ ಮನೆಗೆ ಹೋದರೂ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಟಪಾಲಿನವರಿಗಂತೂ ಕೊಡದೆ ಕಳಿಸಲ್ಲ. ಬೇಸಿಗೆಯಲ್ಲಿ ಕುಮಟಾದ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ಹೆದ್ದಾರಿ ಪಕ್ಕ ತೂಗುಹಾಕಿರುತ್ತಾರೆ. ನಿಮ್ಮ ತಮ್ಮ ಒಂದು ಜಡೆ ತಂದುಕೊಟ್ಟರೆ ಅಮ್ಮನ ಕೋಪ ಅರ್ಧ ಇಳಿಯುತ್ತದೆ. ಹೊಳೆ ದಂಡೆಯ ಹಿನ್ನೀರು ಗದ್ದೆಗೆ ಗಜನಿ ಅನ್ನುತ್ತಾರೆ, ಅಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಅದರ ಗಂಜಿಗೆ ಅಪ್ಪೆಹುಳಿ (ಹುಳಿ ಮಾವಿನಕಾಯಿಯ ತೆಳ್ಳನೆ ಸಾರು) ಇದ್ದರೆ ಬೇರೆ ಏನೂ ಬೇಡ. ಮುದ್ದೆಯವರಿಗೆ ಇದು ಊಟ ಅನ್ನಿಸುವುದು ಕಷ್ಟ, ಗೊತ್ತು. ಇಲ್ಲಿಗೆ ಬಂದಾಗ ನನ್ನದೂ ಅದೇ ಕಥೆ, ಉಲ್ಟಾ.

ಅಮ್ಮನ ಭಯ ಮಾತ್ರ ಸುಳ್ಳಲ್ಲ. ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿ ಅಗಲ ಮಾಡಲು ಕಡಿದ ಗುಡ್ಡ. ಬುಡ ಕಡಿದು ಮಣ್ಣು ನೆಟ್ಟಗೆ ನಿಂತಿರುವ ಕಡೆ ಬಾಡಿಗೆ ಎಷ್ಟು ಕಡಿಮೆ ಇದ್ದರೂ ಮನೆ ಹಿಡಿಯಬೇಡಿ. ಹಳೆಯ ಮನೆಗಳು ಇರುವ ಕೇರಿಯಲ್ಲೇ ನೋಡಿ. ನಮ್ಮ ಹಿರಿಯರು ಜಾಗ ನೋಡಿಯೇ ಕಟ್ಟಿದ್ದಾರೆ.

ಶ್ರೀನಿವಾಸಪುರದಕ್ಕ:

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಬೆಲ್ಲ ಕೊಡುತ್ತಾರೆ ಅಂದಿದ್ದಕ್ಕೆ ಸ್ವಲ್ಪ ಸಮಾಧಾನ ಆಯಿತು, ಗುಡ್ಡದ ವಿಷಯಕ್ಕೆ ಮತ್ತೆ ಮುಖ ಊದಿಸಿದಳು. ಮನೆ ನೋಡಲು ತಾನೇ ಜೊತೆಗೆ ಹೋಗುತ್ತಾಳಂತೆ. ಹೋಗಿಬರಲು ಯಾವುದು ಅನುಕೂಲ?

ಪಾವಗಡದ ಟಪಾಲು:

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಹತ್ತಿದರೆ ಬೆಳಗ್ಗೆ ಕುಮಟಾ. ಮಳೆಗಾಲದಲ್ಲಿ ಸಕಲೇಶಪುರ, ಸುಬ್ರಹ್ಮಣ್ಯ ನಡುವಿನ ಘಟ್ಟದಲ್ಲಿ ಮಣ್ಣು ಕುಸಿದು ರೈಲು ನಿಲ್ಲುವುದುಂಟು, ಹೊರಡುವ ಮುಂಚೆ ವಿಚಾರಿಸಿ. ಗೋಕರ್ಣ ನೋಡುವ ಆಸೆ ಅಮ್ಮನಿಗಿದ್ದರೆ ಹೆದ್ದಾರಿಯಲ್ಲಿ ಸುತ್ತಬೇಡಿ, 30 ಕಿ.ಮೀ. ಮೇಲಾಗುತ್ತದೆ. ಅಘನಾಶಿನಿ ಊರಿಂದ ತದಡಿಗೆ ದೋಣಿ ಇದೆ, ಹೊಳೆ ದಾಟಿ ಅಲ್ಲಿಂದ ಬಸ್ಸು ಹಿಡಿಯಿರಿ. ತಮ್ಮನಿಗೆ ಶೂ ಕೊಡಿಸಬೇಡಿ, ಹಿಡಿತ ಇರುವ ರಬ್ಬರ್ ಚಪ್ಪಲಿ ಸಾಕು.